ಒಂದು ಕಾಲು ಬಾಗಿಲೊಳಗೆ

ಮಾರ್ಚ್ 18, 2020, ಬುಧವಾರ

ಬೆಳಗಿನ ಜಾವ ಕೆಟ್ಟ ಕನಸು. ನನ್ನ ನಿಖಾಹ್ ಮುಗಿದಿದೆ, ಮದುಮಗಳು ಫರ್ಝಾನಾಳ ಮುಖ ನೋಡಬೇಕು. ಅವಳು ಮಾಸ್ಕ್ ಹಾಕಿದ್ದಾಳೆ. ಬಿಸ್ಮಿಲ್ಲಾ ಹೇಳಿ ಮಾಸ್ಕ್ ತೆಗೆದರೆ ಅದರೊಳಗೆ ಇನ್ನೊಂದು ಮಾಸ್ಕ್. ಅದನ್ನು ತೆಗೆದರೆ ಮತ್ತೊಂದು. ನೀರುಳ್ಳಿ ಸುಲಿದ ಹಾಗೆ ಸುಲಿದೆ, ಸುಲಿದೆ, ಕೊನೆಗೆ ಒಳಗಿದ್ದದ್ದು ಅವಳ ಚಿಕ್ಕಪ್ಪನ ಗಡ್ಡ. ಕಿರುಚಿ ಎದ್ದೆ. ಕೆಳಗಿನ ಮಂಚದಿಂದ ರೂಮಿನ ಜೊತೆಗಾರ ರಮೀಝ್, ಪಕೀರಬ್ಬನಾದ ನನ್ನನ್ನು ಮರ್ಯಾದೆಗೆ ಪಕೀರಾಕ ಎನ್ನುವವ, "ಪಕೀರಾಕ, ಸತ್ತರೆ ಮೆಲ್ಲಗೆ ಸಾಯಿರಿ, ನನಗೆ ಡ್ಯೂಟಿ ಉಂಟು" ಎಂದ.

ಮೈಯೆಲ್ಲ ಬೆವರು. ಬೆವರೆಂದರೆ ಜ್ವರ ಬಿಟ್ಟದ್ದೋ, ಜ್ವರ ಬರುವುದೋ? ಹಣೆ ಮುಟ್ಟಿದೆ. ಬಿಸಿ ಇತ್ತು. ಆದರೆ ಹಣೆ ಬಿಸಿಯೋ ಕೈ ತಣ್ಣಗೋ ಎಂದು ತಿಳಿಯಲಿಲ್ಲ. ಕೆಳಗೆ ಗೇಟಿಗೆ ಓಡಿದೆ. ಗಾರ್ಡ್ ಬೆನ್ನಿ ಬೆಲ್ಮಣ್ಣಿನವನು, ಕಂಪೆನಿ ಅವನ ಕೈಗೆ ಜ್ವರ ನೋಡುವ ಗನ್ ಕೊಟ್ಟಿದೆ. ಹಣೆಗೆ ಹಿಡಿದು ಮೂವತ್ತಾರು ಪಾಯಿಂಟ್ ನಾಲ್ಕು ಎಂದ. ಇನ್ನೊಮ್ಮೆ ಹಿಡಿ ಎಂದೆ. ಪಾಯಿಂಟ್ ಆರು.

"ಏರ್ತಾ ಉಂಟು ಬೆನ್ನಿ!"

"ಮೂರನೇ ಸಲ ಕೇಳಿದರೆ ಈ ಗನ್ನಲ್ಲಿ ತಲೆಗೇ ಕೊಡ್ತೇನೆ ಮಾರಾಯ. ಹೋಗಿ ಮಲಗು."

ತಂಗಿ ಝಾಹಿದಾ ಹೇಳಿದ್ದಾಳೆ, ಹೆದರಿಕೆಯನ್ನು ಬರೆದಿಟ್ಟರೆ ತಲೆಯಲ್ಲಿ ಉಳಿಯುವುದಿಲ್ಲವಂತೆ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವ ನಾನು, ಆದರೂ ಬರೆಯುತ್ತೇನೆ. ಹೆದರಿಕೆ ಇದು: ಏಪ್ರಿಲ್ ಐದಕ್ಕೆ ಊರಲ್ಲಿ ನನ್ನ ನಿಖಾಹ್ ಎಂದು ಗೊತ್ತಾಗಿತ್ತು. ನನ್ನ ಪ್ರಾಯಕ್ಕೆ ಇದು ಕೊನೆಯ ಸಂಬಂಧ ಎಂದು ಝಾಹಿದಾ ಬಾಯಿ ಬಿಟ್ಟು ಹೇಳಿಲ್ಲ, ನನಗೆ ಗೊತ್ತು. ಈಗ ವಿಮಾನ ನಿಲ್ಲುತ್ತದೆ ಎನ್ನುತ್ತಾರೆ. ನಿಂತರೆ ನಾನು ಇಲ್ಲಿ, ಕತಾರಿನ ಅಲ್ ಖೋರ್‌ನ ಈ ಕಟ್ಟಡದಲ್ಲಿ, ಕಂಪೆನಿಯ ಲಾಂಡ್ರಿಯಲ್ಲಿ ಕೆಲಸಗಾರರ ಬಾಯ್ಲರ್ ಸೂಟುಗಳಿಗೆ ಇಸ್ತ್ರಿ ಹಾಕುತ್ತಾ ಕೂತಿರಬೇಕು. ಫರ್ಝಾನಾ ಉಪ್ಪಿನಂಗಡಿಯಲ್ಲಿ. ಹೆಣ್ಣು ನೋಡಲು ಹೋದಾಗ ನಾನು ಪೂರ್ತಿ ಹೊತ್ತು ಶರಬತ್ತಿನ ಗ್ಲಾಸನ್ನೇ ನೋಡಿದವ. ಗ್ಲಾಸಿನ ಮೇಲೆ ಕೆಂಪು ಹೂ ಇತ್ತು. ಹುಡುಗಿಯ ಮುಖ ಸರಿ ನೆನಪಿಲ್ಲ.

ಮಾರ್ಚ್ 22, ಭಾನುವಾರ

ವಿಮಾನ ನಿಂತಿತು.

ಫರ್ಝಾನಾಳ ತಂದೆ ಇಲ್ಲ, ಎಲ್ಲ ಮಾತು ಚಿಕ್ಕಪ್ಪನದ್ದು. ಅವರು ಝಾಹಿದಾಳ ಗಂಡನಿಗೆ ಹೇಳಿ ಕಳಿಸಿದರಂತೆ: ರಂಜಾನ್ ಮುಗಿದು ಪೆರ್ನಾಲ್ ಹಬ್ಬ ಬರುವವರೆಗೆ ಕಾಯುತ್ತೇವೆ. ಆಮೇಲೂ ಮದುಮಗ ಬಾರದಿದ್ದರೆ ಪುತ್ತೂರಿನಲ್ಲಿ ಒಂದು ಸಂಬಂಧ ಉಂಟು, ಟಯರ್ ಅಂಗಡಿಯವ. ಟಯರ್ ಅಂಗಡಿಯವನಿಗೆ ವಿಮಾನ ಬೇಡ. ಟಯರ್ ಉರುಳಿಸಿಕೊಂಡೇ ಬರಬಹುದು.

ಇವತ್ತು ಕಂಪೆನಿಯ ಆರ್ಡರ್ ಕೂಡ ಬಂತು. ಸೇಫ್ಟಿ ಆಫೀಸರ್ ಜೇಕಬ್ ಸರ್ ದೋಹಾದ ಅಲ್ ಹಿಲಾಲ್‌ನಲ್ಲಿ ಸಂಸಾರ ಸಮೇತ ಇರುವವರು, ಅಲ್ಲಿಂದಲೇ ಕಳಿಸಿದ್ದಾರೆ. ಡ್ಯೂಟಿ ಇದ್ದವರು ಬಸ್ಸಲ್ಲಿ ರಾಸ್ ಲಫ್ಫಾನ್‌ಗೆ ಹೋಗಿ ಬರುವುದು, ಉಳಿದ ಹೊತ್ತು ರೂಮಿನೊಳಗೆ. ಟೆರೇಸ್ ಬಂದ್. ಹೊರಗಿನವರು ಯಾರೇ ಆಗಲಿ ಗೇಟು ದಾಟಬಾರದು. ತಪ್ಪಿದವರನ್ನು ಗಾರ್ಡ್ ಹಿಡಿದು ಆಫೀಸಿಗೆ ತಿಳಿಸಬೇಕು. ಅವರನ್ನು ಮರುಭೂಮಿಯ ಕಡೆಯ ಬೇರೆ ಕ್ಯಾಂಪಿಗೆ ಹಾಕುತ್ತಾರೆ.

ನನಗೆ ಓದಿ ಸಮಾಧಾನವಾಯಿತು. ಎಲ್ಲರೂ ಬಾಗಿಲು ಹಾಕಿ ಕೂತರೆ ನನಗೆ ಜ್ವರ ಬಾರದು, ಜ್ವರ ಬಾರದಿದ್ದರೆ ವಿಮಾನ ಬಿಟ್ಟ ಕೂಡಲೇ ನಾನು ಮೊದಲಿಗ. ಹೀಗೆ ಯೋಚಿಸುತ್ತಿರುವಾಗಲೇ ಮೇಲಿನಿಂದ ಕೇರಂ ಬೋರ್ಡಿನ ಸದ್ದು.

"ಬೆನ್ನಿ, ಟೆರೇಸಲ್ಲಿ ಜನ ಉಂಟು" ಎಂದೆ.

"ಉಂಟು."

"ಆರ್ಡರ್ ಉಂಟಲ್ಲ?"

"ಆರ್ಡರೂ ಉಂಟು."

"ಮತ್ತೆ ನೀನು ಹಿಡೀಬೇಕಲ್ಲ!"

ಬೆನ್ನಿ ಚಹಾದ ಲೋಟ ಕೆಳಗಿಟ್ಟ. "ನೋಡು ಪಕೀರಬ್ಬ. ನನ್ನನ್ನು ಇಟ್ಟದ್ದು ಗೇಟಿಗೆ. ಹೊರಗಿನವ ಒಳಗೆ ಬಾರದ ಹಾಗೆ ನೋಡುವುದು ಗೇಟಿನವನ ಕೆಲಸ. ಒಳಗಿನವ ಒಳಗೇ ಇರುವ ಹಾಗೆ ನೋಡುವುದು ಜೈಲಿನವನ ಕೆಲಸ. ಅದಕ್ಕೆ ಬೇರೆ ಯೂನಿಫಾರ್ಮ್, ಬೇರೆ ಸಂಬಳ. ನಾನು ಆ ಆರ್ಡರ್ ನಡೆಸುವುದಿಲ್ಲ. ಖಲಾಸ್."

"ಸೀಟಿಯಾದರೂ ಊದು."

"ಸೀಟಿ ಊದಲಿಕ್ಕೆ ಮಾಸ್ಕ್ ತೆಗೀಬೇಕು. ತೆಗೆದರೆ ಮೊದಲ ಕೇಸು ನನ್ನ ಮೇಲೆಯೇ."

"ತಮಾಷೆ ಅಲ್ಲ ಬೆನ್ನಿ."

"ತಮಾಷೆ ಯಾರು ಮಾಡಿದ್ದು? ಒಂದು ರೂಮಲ್ಲಿ ಆರು ಜನ ಒಬ್ಬರ ಉಸಿರು ಒಬ್ಬರು ಕುಡಿಯುವುದು ಕಾನೂನು. ಮೇಲೆ ಗಾಳಿಗೆ ದೂರ ದೂರ ನಿಂತರೆ ಅಪರಾಧ. ಇದನ್ನು ಬರೆದವರು ಒಂದು ದಿನ ನಿಮ್ಮ ರೂಮಲ್ಲಿ ಮಲಗಿ ನೋಡಲಿ, ಆ ಹುರಿದ ಮೀನಿನ ವಾಸನೆಯಲ್ಲಿ."

ಮೀನು ಹುರಿದದ್ದು ನಾನಲ್ಲ, ರಮೀಝ್. ಅದನ್ನು ಹೇಳಿಯೇ ಬಂದೆ.

ಮಾರ್ಚ್ 27, ಶುಕ್ರವಾರ

ಜೇಕಬ್ ಸರ್‌ಗೆ ವಾಯ್ಸ್ ಮೆಸೇಜ್ ಕಳಿಸಿದೆ. ಕೇರಂ ಬಗ್ಗೆ ಒಂದು. ಟೆರೇಸಿನಲ್ಲಿ ನಡೆಯುವವರ ಬಗ್ಗೆ ಒಂದು. ರಮೀಝ್‌ನ ಬಗ್ಗೆ ಉದ್ದದ ಒಂದು. ಸೆಲೂನು ಮುಚ್ಚಿದ ಮೇಲೆ ಅವನು ನೀರಿನ ಟ್ಯಾಂಕಿನ ನೆರಳಲ್ಲಿ ಕುರ್ಚಿ ಹಾಕಿ ಎಲ್ಲರ ಕೂದಲು ತೆಗೆಯುತ್ತಿದ್ದಾನೆ. ಅವನು ಎ.ಸಿ. ಮೆಕ್ಯಾನಿಕ್. ಎ.ಸಿ.ಯ ಜಾಲಿ ಬಾಚುವ ಬಾಚಣಿಗೆಯಲ್ಲೇ ತಲೆ ಬಾಚುತ್ತಾನೆ. ಅವನ ಕೈಯಿಂದ ಎದ್ದು ಬಂದವರೆಲ್ಲ ಸರ್ವೀಸ್ ಆದ ಹಾಗೆ ಕಾಣುತ್ತಾರೆ.

ಮೆಸೇಜಿನ ವಿಷಯ ಹೇಗೋ ಹೊರಬಿತ್ತು. ಈಗ ನಾನು ಅಡುಗೆಮನೆಗೆ ಕಾಲಿಟ್ಟರೆ ರಮೀಝ್ ಕೂಗುತ್ತಾನೆ: "ಶುರ್ತಾ ಬಂದರು, ಚಹಾ ಅಡಗಿಸಿಡಿ!" ಇಲ್ಲಿ ಪೊಲೀಸರಿಗೆ ಹಾಗೆನ್ನುವುದು. ಎಲ್ಲರೂ ನಗುತ್ತಾರೆ. ಚಹಾ ಮಾತ್ರ ನಿಜವಾಗಿಯೂ ಅಡಗಿಸುತ್ತಾರೆ.

ಜ್ವರ ಇಲ್ಲ. ಬೆಳಿಗ್ಗೆ ನೋಡಿದೆ, ಮಧ್ಯಾಹ್ನ ನೋಡಿದೆ. ಸಂಜೆ ಬೆನ್ನಿ ಗನ್ ಕೊಡಲಿಲ್ಲ.

ಏಪ್ರಿಲ್ 2, ಗುರುವಾರ

ಫರ್ಝಾನಾ ಫೋನ್ ಮಾಡಿದಳು! ನಂಬರ್ ಝಾಹಿದಾ ಕೊಟ್ಟದ್ದಂತೆ. ನಾನು ಹೆದರಿ ಮೊದಲು ಕಟ್ ಮಾಡಿದೆ. ಮತ್ತೆ ಬಂತು.

ಏನು ಮಾತಾಡುವುದೆಂದು ತೋಚದೆ, ನಾನು ಎಷ್ಟು ಜಾಗ್ರತೆಯಿಂದ ಇದ್ದೇನೆ ಎಂದು ಹೇಳಿದೆ. ಸೋಪು ಹಾಕಿ ಕೈ ತೊಳೆಯುವುದು, ಬಾಗಿಲಿನ ಹಿಡಿಯನ್ನು ಮೊಣಕೈಯಲ್ಲಿ ತೆರೆಯುವುದು, ತರಕಾರಿಗೆ ಇಸ್ತ್ರಿಯ ಹಬೆ ಹಿಡಿಯುವುದು.

"ಬೆಂಡೆಕಾಯಿಗೂ ಇಸ್ತ್ರಿ ಹಾಕ್ತೀರಾ?" ಎಂದಳು.

"ಹಬೆ ಮಾತ್ರ."

"ಮಡಚಿ ಕಪಾಟಿನಲ್ಲಿ ಇಡುವುದಿಲ್ಲ ಅಲ್ಲ?"

ಇದು ತಮಾಷೆಯೋ ನಿಜವಾದ ಪ್ರಶ್ನೆಯೋ ಗೊತ್ತಾಗಲಿಲ್ಲ. ಇಲ್ಲ ಎಂದೆ. ಅಷ್ಟರಲ್ಲಿ ನೆಟ್ ಹೋಯಿತು. ನಮ್ಮ ರೂಮಿನಲ್ಲಿ ನೆಟ್ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಒಳ್ಳೆಯ ನೆಟ್ ಇರುವುದು ಟೆರೇಸಿನಲ್ಲಿ ಮಾತ್ರ. ಅದಕ್ಕೂ ನನಗೂ ಸಂಬಂಧ ಇಲ್ಲ.

ಏಪ್ರಿಲ್ 5, ಭಾನುವಾರ

ಇವತ್ತು ಆಗಬೇಕಿತ್ತು. ಮದುವೆಗೆಂದು ತೆಗೆದಿಟ್ಟ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಮತ್ತೆ ನೇತು ಹಾಕಿದೆ.

ಏಪ್ರಿಲ್ 10, ಶುಕ್ರವಾರ

ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡೆ. ಜೇಕಬ್ ಸರ್ ಫೋನ್ ಮಾಡಿ, "ಪಕೀರಬ್ಬ, ಬೆನ್ನಿ ಮಾಡದಿದ್ದರೆ ಬೇಡ. ನಿನಗೆ ಇಷ್ಟು ಕಾಳಜಿ ಉಂಟು. ಇನ್ನು ನೀನೇ ಮಾರ್ಷಲ್, ತಪ್ಪಿದವರ ಹೆಸರು ಬರೆದು ಕಳಿಸು" ಎಂದರು. ಡ್ರೈವರ್‌ನ ಕೈಯಲ್ಲಿ ಹಳದಿ ಜಾಕೆಟ್ ಬಂತು, ಹಿಂಬದಿಗೆ ಮಿಂಚುವ ಪಟ್ಟಿ. ಒಂದು ಸೀಟಿಯೂ ಬಂತು.

ಜಾಕೆಟಿಗೆ ಇಸ್ತ್ರಿ ಹಾಕುವಾಗ ಮಿಂಚುವ ಪಟ್ಟಿ ಸ್ವಲ್ಪ ಕರಗಿತು. ಕೆಟ್ಟ ಶಕುನ.

ಸಂಜೆ ಟೆರೇಸಿನ ಬಾಗಿಲವರೆಗೆ ಹೋದೆ. "ಎಲ್ಲರೂ ಕೆಳಗೆ ಹೋಗಬೇಕು, ಯಲ್ಲಾ, ಬೇಗ!" ಎಂದೆ. ನನ್ನ ಕಿವಿಗೇ ಅದು 'ಹೋಗಬಹುದಾ?' ಎಂದು ಕೇಳಿಸಿತು.

ಕೇರಂ ಆಡುವವರು, ಈ ಆಟ ಮುಗಿಯಲಿ ಎಂದರು. ನಡೆಯುವವರು ಸಕ್ಕರೆ ಕಾಯಿಲೆ ಎಂದರು. ರಮೀಝ್‌ನ ಕುರ್ಚಿಯಲ್ಲಿ ಅರ್ಧ ತಲೆ ಕತ್ತರಿಸಿಕೊಂಡ ಒಬ್ಬ ಎದ್ದು ಬಂದು, "ಹೀಗೇ ಹೋಗಲಾ ಹೇಳಿ, ಮಾರ್ಷಲ್" ಎಂದ. ಅಷ್ಟರಲ್ಲಿ ಬೆನ್ನಿ ಬಟ್ಟೆ ಒಣಹಾಕಲು ಬಂದ. "ಸೀಟಿ ಊದು ಮಾರಾಯ, ಊದು. ಮಾಸ್ಕ್ ತೆಗೆದು ಊದು, ನಾವು ನೋಡುವ."

ಊದಲಿಲ್ಲ. ಸೀಟಿಯನ್ನು ಮೊದಲು ಡೆಟಾಲ್ ನೀರಲ್ಲಿ ಕುದಿಸಬೇಕು. ಯಾರ ಬಾಯಿಗೆ ಹೋಗಿ ಬಂದದ್ದೋ.

ಏಪ್ರಿಲ್ 16, ಗುರುವಾರ

ಫರ್ಝಾನಾಳ ಫೋನ್. ರೂಮಿನಲ್ಲಿ ಅವಳ ಮಾತು ತುಂಡು ತುಂಡು. "ನಿಮ್ಮ... ಚಿಕ್ಕಪ್ಪ... ಟಯರ್..." ಇಷ್ಟೇ ಕೇಳಿಸಿತು. ಟಯರ್ ಎಂದ ಮೇಲೆ ಕೂತಿರಲು ಆಗುತ್ತದೆಯೇ? ಮೆಟ್ಟಿಲಿಗೆ ಹೋದೆ, ಸ್ವಲ್ಪ ಸರಿಯಾಯಿತು. ಇನ್ನೂ ಮೇಲೆ ಹೋದೆ, ಇನ್ನೂ ಸರಿಯಾಯಿತು. ಟೆರೇಸಿನ ಬಾಗಿಲಲ್ಲಿ ಸ್ಪಷ್ಟ. ಒಂದು ಕಾಲು ಹೊರಗಿಟ್ಟೆ, ಒಂದು ಕಾಲು ಒಳಗೇ ಇತ್ತು. ಆದ್ದರಿಂದ ನಾನು ಟೆರೇಸಿಗೆ ಹೋಗಿಲ್ಲ.

ಅವಳು ಹೇಳಿದ್ದು ಇದು: ಟಯರಿನವ ಮನೆಗೆ ಒಂದು ಚೀಲ ಅಕ್ಕಿ ಕಳಿಸಿದ್ದಾನೆ, ಲಾಕ್‌ಡೌನ್‌ನಲ್ಲಿ ಕಷ್ಟ ಆಗಬಾರದೆಂದು. ಚಿಕ್ಕಪ್ಪನಿಗೆ ಬಹಳ ಖುಷಿ.

"ನೀವು ಏನು ಹೇಳಿದಿರಿ?" ಎಂದೆ.

"ಅಕ್ಕಿ ಚೆನ್ನಾಗಿ ಬೆಂದಿದೆ ಎಂದೆ."

"ತಿಂದೂ ಆಯ್ತಾ?" ಎಂದೆ. ಅವಳು ನಕ್ಕಳು. ಇವಳು ಬ್ಲೌಸ್ ಹೊಲಿಯುವವಳು, ಮಾತಿನಲ್ಲೂ ಸೂಜಿ ಇಟ್ಟುಕೊಂಡೇ ಇರುತ್ತಾಳೆ. ಲಾಕ್‌ಡೌನ್‌ನಲ್ಲಿ ಬ್ಲೌಸ್ ಇಲ್ಲ, ಮಾಸ್ಕ್ ಹೊಲಿಯುತ್ತಿದ್ದಾಳಂತೆ. ಊರಿನ ಹೆಂಗಸರು ಸೀರೆಗೆ ಮ್ಯಾಚಿಂಗ್ ಕೇಳುತ್ತಾರಂತೆ. "ನಿಮಗೂ ಒಂದು ಹೊಲಿಯಲಾ? ಗಡ್ಡಕ್ಕೆ ಜಾಗ ಬಿಟ್ಟು?" ಎಂದಳು.

ಇಳಿದು ಬಂದು ತುಂಬ ಹೊತ್ತಿನ ಮೇಲೆ ನೆನಪಾಯಿತು, ಹಣೆ ಮುಟ್ಟಿ ನೋಡಿರಲಿಲ್ಲ ಎಂದು.

ಏಪ್ರಿಲ್ 21, ಮಂಗಳವಾರ

ಒಂದು ಕಾಲು ಹೊರಗೆ. ಮಾತು: ಅವಳ ಮನೆಯ ಬೆಕ್ಕು, ನನ್ನ ಇಸ್ತ್ರಿ, ಟಯರಿನವನ ಕಿವಿಯಲ್ಲಿ ಕೂದಲು ಉಂಟು ಎಂಬ ಸುದ್ದಿ.

ಇನ್ನೊಂದು ಕಾಲು ನೋಯುತ್ತಿತ್ತು, ಅದನ್ನೂ ಹೊರಗೆ ತಂದೆ. ಆದರೆ ಕೈಯಲ್ಲಿ ಬಾಗಿಲು ಹಿಡಿದಿದ್ದೆ.

ಏಪ್ರಿಲ್ 30, ಗುರುವಾರ

ಇವತ್ತಿನದ್ದನ್ನು ಸಾವಕಾಶ ಬರೆಯಬೇಕು, ಇಲ್ಲದಿದ್ದರೆ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ.

ನಾಳೆ ಚಿಕ್ಕಪ್ಪನಿಗೆ ನನ್ನನ್ನು ವಿಡಿಯೊದಲ್ಲಿ ನೋಡಬೇಕಂತೆ. ಕತಾರಿನಲ್ಲಿರುವವರೆಲ್ಲ ಜ್ವರ ಬಂದು ಮಲಗಿದ್ದಾರೆಂದು ಯಾರೋ ಹೇಳಿದ್ದಾರೆ. ಹೇಳಿದವನಿಗೆ ಟಯರ್ ಅಂಗಡಿ ಇರಬೇಕು. ಕನ್ನಡಿ ನೋಡಿದೆ. ಕೂದಲು ಕಿವಿ ಮುಚ್ಚಿದೆ, ಗಡ್ಡ ಕಾಡಾಗಿದೆ. ಇಂಥವನನ್ನು ನೋಡಿದರೆ ಜ್ವರ ಇಲ್ಲದವರಿಗೂ ಜ್ವರ ಬರುತ್ತದೆ.

ಮಾರ್ಷಲ್ ಜಾಕೆಟ್ ಹಾಕಿಕೊಂಡು ಟೆರೇಸಿಗೆ ಹೋದೆ. ಯಾರಾದರೂ ನೋಡಿದರೆ ತಪಾಸಣೆ ಎನ್ನಬಹುದಲ್ಲ. ರಮೀಝ್‌ನ ಕುರ್ಚಿಯ ಪಕ್ಕ ನಿಂತು ಕೆಮ್ಮಿದೆ. ಕೆಮ್ಮಬಾರದಿತ್ತು, ಎಲ್ಲರೂ ದೂರ ಓಡಿದರು.

"ಏನು ಶುರ್ತಾ? ಅಂಗಡಿ ಸೀಲ್ ಮಾಡ್ಲಿಕ್ಕೆ ಬಂದದ್ದಾ?" ಎಂದ ರಮೀಝ್.

"ಸ್ವಲ್ಪ ಸೈಡ್ ಮಾತ್ರ" ಎಂದೆ.

ಅವನು ಗಟ್ಟಿಯಾಗಿ ನಗಲಿಲ್ಲ, ಅಷ್ಟು ದೊಡ್ಡ ಗುಣ. "ನನ್ನ ಮೇಲೆ ಎಷ್ಟು ಮೆಸೇಜ್ ಹಾಕಿದ್ದೀರಿ ಪಕೀರಾಕ?" ಎಂದು ಮೆಲ್ಲಗೆ ಕೇಳಿ, ನನ್ನ ಕತ್ತಿಗೆ ಟವೆಲ್ ಕಟ್ಟಿದ. ತುಸು ಬಿಗಿಯಾಗಿಯೇ ಕಟ್ಟಿದ.

ಒಂದು ಕಡೆ ಆಗಿತ್ತು. ಆಗ ಕೆಳಗೆ ಜೀಪಿನ ಹಾರ್ನ್. ಯಾರೋ ಬಗ್ಗಿ ನೋಡಿ, "ಜೇಕಬ್ ಸರ್! ಚೆಕ್ಕಿಂಗ್!" ಎಂದರು. ರಮೀಝ್ ಬೆಚ್ಚಿದ, ಮೆಷಿನ್ ನನ್ನ ನಡುನೆತ್ತಿಯ ಮೇಲೆ ರಸ್ತೆ ಮಾಡಿಕೊಂಡು ಹೋಯಿತು.

ಮಾರ್ಷಲ್ ತಾನೇ ಸಿಕ್ಕಿಬಿದ್ದರೆ ನೇರ ಮರುಭೂಮಿ ಕ್ಯಾಂಪ್. ಅಲ್ಲಿ ನೆಟ್ ಇಲ್ಲ. ನಾಳೆ ಚಿಕ್ಕಪ್ಪನ ಫೋನ್ ಸುಮ್ಮನೆ ರಿಂಗಾಗುತ್ತದೆ, ಪುತ್ತೂರಿನಿಂದ ಎರಡನೇ ಚೀಲ ಅಕ್ಕಿ ಬರುತ್ತದೆ.

ಆದರೆ ಜೀಪು ಗೇಟಿನ ಹೊರಗೇ ನಿಂತಿತ್ತು. ಕೆಳಗಿನ ಮಾತು ಮೇಲೆ ಕೇಳಿಸುತ್ತಿತ್ತು.

"ಗೇಟ್ ತೆಗಿ ಬೆನ್ನಿ" ಎಂದರು ಜೇಕಬ್ ಸರ್.

"ಆಗುವುದಿಲ್ಲ ಸರ್. ಹೊರಗಿನವರು ಯಾರೇ ಆಗಲಿ ಗೇಟು ದಾಟಬಾರದು ಅಂತ ಆರ್ಡರ್ ಉಂಟು."

"ನಾನು ಹೊರಗಿನವನಾ?"

"ಸರ್ ಅಲ್ ಹಿಲಾಲ್‌ನಲ್ಲಿ ಇರುವುದಲ್ವಾ? ಇಲ್ಲಿ ನಿಮಗೆ ಮಂಚ ಇಲ್ಲ."

"ಆ ಆರ್ಡರ್ ಬರೆದದ್ದು ನಾನು ಮಾರಾಯ!"

"ಹೌದು ಸರ್. ತುಂಬ ಚೆನ್ನಾಗಿ ಬರೆದಿದ್ದೀರಿ. ಕೆಳಗೆ ಸೈನ್ ಕೂಡ ಉಂಟು, ಬನ್ನಿ ತೋರಿಸ್ತೇನೆ. ಅಲ್ಲ, ಬರಬೇಡಿ. ಅಲ್ಲಿಂದಲೇ ನೋಡಿ."

"ಟೆರೇಸಿಗೆ ಹೋಗುವವರನ್ನು ನೀನು ಹಿಡಿಯುವುದಿಲ್ಲ. ನನ್ನನ್ನು ಹಿಡೀತೀಯಾ?"

"ಅದು ನನ್ನ ಕೆಲಸ ಅಲ್ಲ, ಇದು ನನ್ನ ಕೆಲಸ."

ಆಮೇಲೆ ಜೇಕಬ್ ಸರ್ ತಲೆಯೆತ್ತಿ, "ಪಕೀರಬ್ಬ! ಮಾರ್ಷಲ್!" ಎಂದು ಕೂಗಿದರು. ತಲೆಗೆ ಟವೆಲ್ ಸುತ್ತಿಕೊಂಡು ಪ್ಯಾರಾಪೆಟ್ ಗೋಡೆಯ ಮೇಲಿಂದ ಇಣುಕಿದೆ.

"ಮೇಲೆ ಯಾರೆಲ್ಲ ಇದ್ದಾರೆ?"

ನನ್ನ ಹಿಂದೆ ಕೇರಂ ಬೋರ್ಡ್ ತಲೆ ಮೇಲೆ ಹೊತ್ತು ಕೂತವರು, ಟ್ಯಾಂಕಿನ ಹಿಂದೆ ಉಸಿರು ಹಿಡಿದವರು, ಕೈಯಲ್ಲಿ ಮೆಷಿನ್ ಹಿಡಿದ ರಮೀಝ್. ಮೆಷಿನ್ ಇನ್ನೂ ಗುಂಯ್ ಎನ್ನುತ್ತಿತ್ತು.

"ನಾನೊಬ್ಬನೇ ಸರ್" ಎಂದೆ.

"ಅದೇನು ಸದ್ದು?"

"ಎ.ಸಿ. ಸರ್."

"ತಲೆಗೆ ಏನು ಕಟ್ಟಿದ್ದೀ?"

"ಬಿಸಿಲು ಸರ್."

ಅವರು ಬೆನ್ನಿಯನ್ನು ನೋಡಿದರು, ನನ್ನನ್ನು ನೋಡಿದರು, ಗೇಟಿನ ಗೋಡೆಗೆ ಅಂಟಿಸಿದ ಆರ್ಡರಿನ ಕೆಳಗಿನ ತಮ್ಮ ಸಹಿಯನ್ನೂ ನೋಡಿದರು. ಜೀಪ್ ಹತ್ತಿ ಹೋದರು.

ನೆತ್ತಿಯ ಮೇಲಿನ ರಸ್ತೆ ಮುಚ್ಚಲು ಬೇರೆ ದಾರಿ ಇರಲಿಲ್ಲ. ರಮೀಝ್ ಪೂರ್ತಿ ಬೋಳಿಸಿದ. ಚಹಾ ಮಾಡಿ ಫ್ಲಾಸ್ಕಿಗೆ ಹಾಕಿದವರು, ರಂಜಾನಿನ ನೋಂಬು, ಅಂದರೆ ಉಪವಾಸ, ಬಿಟ್ಟ ಮೇಲೆ ಮೊದಲ ಲೋಟ ನನಗೇ ಕೊಟ್ಟರು.

ಮೇ 1, ಶುಕ್ರವಾರ

ವಿಡಿಯೊ ಆಯಿತು. ಟೆರೇಸಿನಿಂದಲೇ. ಎರಡೂ ಕಾಲು.

ಚಿಕ್ಕಪ್ಪ ನನ್ನ ತಲೆ ನೋಡಿ ಫೋನನ್ನು ಕಣ್ಣಿನ ಹತ್ತಿರ ಹಿಡಿದರು. "ಕೂದಲು ಎಲ್ಲಿ? ಟೈಫಾಯ್ಡ್ ಬಂದು ಉದುರಿತಾ?" ನಮ್ಮ ಕಡೆ ದೊಡ್ಡ ಜ್ವರ ಬಿಟ್ಟ ಮೇಲೆ ಕೂದಲು ಉದುರುವುದು ಎಲ್ಲರಿಗೂ ಗೊತ್ತು. ಅವರ ಹಿಂದೆ ಕೂತಿದ್ದ ನೆಂಟರು, "ಅದೇ, ಅದೇ. ಈ ರೋಗದಲ್ಲಿ ಮೊದಲು ಹೋಗುವುದು ಕೂದಲಂತೆ" ಎಂದರು.

ಆದದ್ದನ್ನು ಆದ ಹಾಗೆ ಹೇಳಿಬಿಟ್ಟೆ: ನಾನು ಇಲ್ಲಿಯ ಮಾರ್ಷಲ್, ಟೆರೇಸಿಗೆ ಯಾರೂ ಹೋಗಬಾರದು, ನಾನೇ ಕದ್ದು ಹೋಗಿ ಎ.ಸಿ. ಮೆಕ್ಯಾನಿಕ್‌ನ ಕೈಯಲ್ಲಿ ಕೂದಲು ತೆಗೆಸಿಕೊಂಡೆ, ನಡುವೆ ಸಾಹೇಬರು ಬಂದರು. "ನಿಮಗೆ ಚೆನ್ನಾಗಿ ಕಾಣಲಿ ಅಂತ ಮಾಡಿದ್ದು" ಎಂದೆ.

ಚಿಕ್ಕಪ್ಪನ ಹಿಂದಿನ ಬಾಗಿಲ ಪರದೆ ಕುಲುಕಿತು. ಯಾರೋ ಬಾಯಿಗೆ ಸೆರಗು ತುರುಕಿ ನಗುವ ಸದ್ದು. ಚಿಕ್ಕಪ್ಪ ಹಿಂದೆ ತಿರುಗಿ, "ಒಳಗೆ ಹೋಗು" ಎಂದು ಗದರಿದರು. ಪರದೆ ಇನ್ನೂ ಕುಲುಕುತ್ತಿತ್ತು.

ರೋಗ ಇಲ್ಲ ಎಂದು ಒಪ್ಪಿದರು. ಬುದ್ಧಿ ಉಂಟು ಎಂದು ಒಪ್ಪಿದ ಹಾಗೆ ಕಾಣಲಿಲ್ಲ.

ಮೇ 9, ಶನಿವಾರ

ಜೇಕಬ್ ಸರ್ ಫೋನ್ ಮಾಡಿ, ಒಬ್ಬನ ಹೆಸರೂ ಯಾಕೆ ಬರಲಿಲ್ಲ ಎಂದು ಕೇಳಿದರು. "ಸರ್, ನಾನು ಆರನೇ ಕ್ಲಾಸಿಗೆ ಬಿಟ್ಟವ. ಹೆಸರು ಬರೆಯುವಾಗ ತಪ್ಪಾದರೆ ಪಾಪ, ಬೇರೆಯವರಿಗೆ ಶಿಕ್ಷೆ ಆಗ್ತದೆ" ಎಂದೆ. "ವಾಯ್ಸ್ ಮೆಸೇಜ್ ಹಾಕು, ಮೊದಲು ಹಾಕುತ್ತಿದ್ದೆಯಲ್ಲ?" ಎಂದರು. "ರೂಮಲ್ಲಿ ನೆಟ್ ಇಲ್ಲ ಸರ್. ನೆಟ್ ಇರುವುದು ಟೆರೇಸಲ್ಲಿ. ಅಲ್ಲಿಗೆ ಹೋಗಬಾರದಲ್ಲ?"

ಹೀಗೆ ಉತ್ತರ ಕೊಟ್ಟದ್ದು ನಾನೇನಾ? ಉಪವಾಸಕ್ಕೆ ತಲೆ ತಿರುಗಿರಬೇಕು.

ಫರ್ಝಾನಾಳಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ನಿನ್ನೆಯಿಂದ ಅವಳಿಗೆ ಕೆಮ್ಮು. ಶುಂಠಿ ಕಷಾಯ ಕುಡಿ, ತಲೆಗೆ ಎಣ್ಣೆ ಹಾಕಬೇಡ ಎಂದು ಹೇಳಿದ್ದೇನೆ. ಕೇಳುವವಳಲ್ಲ.

ಮೇ 20, ಬುಧವಾರ

ಕೆಮ್ಮು ಹೋಗಿದೆ. ಅಲ್‌ಹಮ್ದುಲಿಲ್ಲಾ.

ವಿಮಾನದ ಸುದ್ದಿ ಬರುತ್ತಿದೆ, ಆದರೆ ಮೊದಲು ಬಸುರಿಯರು, ಮುದುಕರು. ನನ್ನ ಸರದಿ ಪೆರ್ನಾಲ್‌ಗೆ ಮೊದಲು ಬರುವುದಿಲ್ಲ. ಕೊಟ್ಟ ಮಾತು ಪೆರ್ನಾಲ್‌ವರೆಗೆ. ಝಾಹಿದಾಳ ಗಂಡ ಮಸೀದಿಯ ಗುರುಗಳಾದ ಖತೀಬರನ್ನು ಕೇಳಿದ. ಅವರು ಹೇಳಿದ್ದು: ಮದುಮಗ ದೂರ ಇದ್ದರೆ ಊರಲ್ಲಿ ಒಬ್ಬನಿಗೆ ವಕಾಲತ್ತು ಕೊಡಲಿ, ಅವನು ಮದುಮಗನ ಪರವಾಗಿ ಒಪ್ಪಿಕೊಳ್ಳುತ್ತಾನೆ, ನಿಖಾಹ್ ಆಗುತ್ತದೆ. ವಕಾಲತ್ತು ಝಾಹಿದಾಳ ಗಂಡನಿಗೇ, ದಿನ ಪೆರ್ನಾಲ್ ಕಳೆದ ಮಂಗಳವಾರ. ಆದರೆ ಚಿಕ್ಕಪ್ಪ ಒಂದು ಶರತ್ತು ಹಾಕಿದ್ದಾರೆ. ವಕಾಲತ್ತು ಕೊಡುವಾಗ ನಾನು ವಿಡಿಯೊದಲ್ಲಿ ನಿಂತಿರಬೇಕು, ಕೂತಿರಬಾರದು. ಸುತ್ತ ನಾಲ್ಕು ಜನ ಗಂಡಸರು ಇರಬೇಕು, ಇವನಿಗೆ ರೋಗ ಇಲ್ಲ, ಬೇರೆ ಹೆಂಡತಿ ಇಲ್ಲ ಎಂದು ಅವರು ಬಾಯಿಬಿಟ್ಟು ಹೇಳಬೇಕು.

ಅಂದರೆ ಟೆರೇಸಿನಲ್ಲಿ ಜನ ಸೇರಬೇಕು. ಸೇರದ ಹಾಗೆ ನೋಡಬೇಕಾದವ ನಾನು.

ಬೆನ್ನಿಯ ಹತ್ತಿರ ಹೋದೆ. "ಬೆನ್ನಿ, ಮಂಗಳವಾರ ಸಂಜೆ ಮೇಲೆ ಸ್ವಲ್ಪ ಜನ ಸೇರ್ತಾರೆ. ನೀನು ನಿಲ್ಲಿಸ್ತೀಯಾ?"

"ನಾನು ಯಾವಾಗ ಯಾರನ್ನು ನಿಲ್ಲಿಸಿದ್ದು? ನೀನು ಮಾರ್ಷಲ್. ನೀನು ನಿಲ್ಸು."

"ನಾನು ನಿಲ್ಲಿಸುವುದಿಲ್ಲ" ಎಂದೆ.

"ಯಾಕೆ?"

"ಅದು ಇಸ್ತ್ರಿಯವನ ಕೆಲಸ ಅಲ್ಲ."

ಬೆನ್ನಿ ಚಹಾ ಕುಡಿಯುತ್ತಿದ್ದವ ಮೂಗಿಗೆ ಏರಿಸಿಕೊಂಡ.

ಮೇ 26, ಮಂಗಳವಾರ

ಬಿಸಿಲು ಇಳಿದ ಮೇಲೆ ಎಲ್ಲರೂ ಟೆರೇಸಿಗೆ ಬಂದರು. ನಾಲ್ಕು ಜನ ಕೇಳಿದ್ದಕ್ಕೆ ನಲವತ್ತು ಜನ. ಬಟ್ಟೆ ಒಣಹಾಕುವ ಹಗ್ಗಗಳ ನಡುವೆ ಮಾಸ್ಕ್ ಹಾಕಿ ದೂರ ದೂರ ನಿಂತರು. ನಾನೇ ನಿಲ್ಲಿಸಿದೆ. ಹತ್ತಿರ ಬಂದವರಿಗೆ ಸೀಟಿ ಊದಿದೆ. ಮಾಸ್ಕ್ ಎತ್ತಿ ಊದಿದೆ, ಏನೂ ಆಗಲಿಲ್ಲ. ಎಲ್ಲರ ಅಂಗಿಗೂ ಬೆಳಿಗ್ಗೆಯಿಂದ ಇಸ್ತ್ರಿ ಹಾಕಿದ್ದು ನಾನೇ, ಮದುಮಗ. ರಮೀಝ್ ನನ್ನ ಗಡ್ಡ ಸಮ ಮಾಡಿ, "ಗ್ಯಾಸ್ ತುಂಬಿಸಿಯಾಯಿತು, ಇನ್ನು ಕೂಲಿಂಗ್ ಬರ್ತದೆ" ಎಂದ.

ವಿಡಿಯೊ ಹತ್ತಿತು. ಖತೀಬರು, ಚಿಕ್ಕಪ್ಪ, ಝಾಹಿದಾಳ ಗಂಡ. ಇವನಿಗೆ ರೋಗ ಉಂಟಾ ಎಂದು ಚಿಕ್ಕಪ್ಪ ಕೇಳಿದರು. "ಹೆದರಿಕೆಯ ರೋಗ ಇತ್ತು, ಈಗ ವಾಸಿ" ಎಂದ ರಮೀಝ್. ಬೇರೆ ಹೆಂಡತಿ ಉಂಟಾ? "ಇಸ್ತ್ರಿಪೆಟ್ಟಿಗೆ ಒಂದು ಉಂಟು" ಎಂದು ಹಿಂದಿನಿಂದ ಯಾರೋ ಕೂಗಿದರು. ಚಿಕ್ಕಪ್ಪ ಮೊದಲ ಸಲ ನಕ್ಕದ್ದು ನೋಡಿದೆ. ಅವರಿಗೆ ಮುಂದಿನ ಹಲ್ಲು ಒಂದಿಲ್ಲ.

ನಾನು ವಕಾಲತ್ತಿನ ಮಾತು ಹೇಳಿದೆ. ಧ್ವನಿ ನಡುಗಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆಮೇಲೆ ಖತೀಬರು, "ಹುಡುಗಿಯ ಒಪ್ಪಿಗೆ ಇನ್ನೊಮ್ಮೆ ಕೇಳಿ ಬನ್ನಿ" ಎಂದರು. ಚಿಕ್ಕಪ್ಪ ಫೋನ್ ಹಿಡಿದುಕೊಂಡೇ ಒಳಗೆ ಹೋದರು. ಹಸಿರು ದುಪಟ್ಟಾದ ಅಂಚು ಕಂಡಿತು. "ಫರ್ಝಾನಾ, ಮೋಳೇ, ಮಗಳೇ..." ಎಂದು ಅವರು ಶುರು ಮಾಡಿದರು.

ಆಗ ನನ್ನ ಫೋನಿಗೆ ಬೇರೆ ಕಾಲ್ ಬಂತು. ಚಿತ್ರ ನಿಂತಿತು, ಸ್ವರ ನಿಂತಿತು. ಜೇಕಬ್ ಸರ್.

ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿದೆ. ಮೂರನೇ ಸಲ ಬರುವ ಮೊದಲು ಕೆಳಗಿನಿಂದ ಬೆನ್ನಿ ಕೂಗಿದ: "ಪಕೀರಬ್ಬ, ಸರ್ ಗೇಟಿನ ಹೊರಗೆ ಇದ್ದಾರೆ! ನಿಖಾಹ್ ಅಂತ ಹೇಳಿದೆ. ಅವರು ಬರಲೇ ಇಲ್ಲ ಅಂತ ತಿಳ್ಕೊಳ್ಳಲಿಕ್ಕೆ ಹೇಳಿದರು. ಅದನ್ನು ಹೇಳ್ಲಿಕ್ಕೇ ನಿನಗೆ ಫೋನ್ ಮಾಡ್ತಾ ಇದ್ದದ್ದಂತೆ!"

ವಿಡಿಯೊ ಮತ್ತೆ ಬರುವಾಗ ಅಲ್ಲಿ ಎಲ್ಲರೂ ಅಲ್‌ಹಮ್ದುಲಿಲ್ಲಾ ಎನ್ನುತ್ತಿದ್ದರು. ಝಾಹಿದಾಳ ಗಂಡ ನನ್ನ ಪರವಾಗಿ ಒಪ್ಪಿಕೊಂಡ. ನಿಖಾಹ್ ಆಯಿತು. ಇಲ್ಲಿ ನಲವತ್ತು ಜನ ಮೊಣಕೈಗೆ ಮೊಣಕೈ ತಾಗಿಸಿ ಮುಬಾರಕ್ ಹೇಳಿದರು. ನನ್ನ ಮೊಣಕೈ ನೋಯುತ್ತಿದೆ.

ಅವಳು ಒಪ್ಪಿದ್ದು ಮಾತ್ರ ನಾನು ಕೇಳಲಿಲ್ಲ.

ಝಾಹಿದಾ ಹೆಂಗಸರ ಕೋಣೆಯಲ್ಲೇ ಇದ್ದವಳು, ಅವಳ ಫೋನಿನಲ್ಲಿ ತೆಗೆದ ವಿಡಿಯೊ ಈಗಷ್ಟೇ ಕಳಿಸಿದ್ದಾಳೆ. ಅಲ್ಲಿ ಮಳೆ, ಹೆಂಚಿನ ಸದ್ದು ಬೇರೆ. ಚಿಕ್ಕಪ್ಪ ಉದ್ದಕ್ಕೆ ಕೇಳುತ್ತಿದ್ದಾರೆ, ಆ ಸದ್ದಿನ ನಡುವೆ ಫರ್ಝಾನಾ "ಹೂಂ" ಎನ್ನುವುದು ಕೇಳಿಸುತ್ತದೆ. ನನಗಂತೂ ಅವರು ಕೇಳಿ ಮುಗಿಸುವ ಮೊದಲೇ, ಕಾಯಲಾರದೆ ಎಂದ ಹಾಗೆ ಕೇಳಿಸುತ್ತದೆ. ರಮೀಝ್, ಅಲ್ಲ, ಮುಗಿಸಿದ ಮೇಲೆ ಎನ್ನುತ್ತಾನೆ. ಅವನ ಕಿವಿಯಲ್ಲಿ ಮೆಷಿನ್ನಿನ ಸದ್ದು ಉಳಿದಿರಬೇಕು. ತಂಗಿಗೆ ವಾಯ್ಸ್ ಮೆಸೇಜ್ ಹಾಕಿದ್ದೇನೆ: ಝಾಹಿದಾ, ನೀನು ಹತ್ತಿರ ಕೂತಿದ್ದವಳು. ಆ "ಹೂಂ" ಬಂದದ್ದು ಚಿಕ್ಕಪ್ಪ ಕೇಳಿ ಮುಗಿಸುವ ಮೊದಲಾ, ಮುಗಿಸಿದ ಮೇಲಾ? ಅದೊಂದು ಜಾಗ ಮಾತ್ರ ಇನ್ನೊಮ್ಮೆ ಸರಿಯಾಗಿ ನೋಡಿ ಹೇಳು.